ವಿಶೇಷ ಅಗತ್ಯದ ಮಕ್ಕಳ ಪಾಲನೆ ಮತ್ತು ಪಾಲಕರ ಬರವಣಿಗೆ

ಸ್ವಲೀನತೆ ಅಥವಾ ಆಟಿಸಂ ಎಂಬ ಸ್ಥಿತಿಯನ್ನು ವೈದ್ಯಲೋಕಕ್ಕೆ ಪರಿಚಯಿಸಿದ ಪ್ರಸಿದ್ಧ ಲೇಖನದ ಹಿಂದೆ ಒಬ್ಬ ತಂದೆಯ ಬರವಣಿಗೆ ಇದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲ ಬೀಮನ್ ಟ್ರಿಪ್ಲೆಟ್ 1938ರಲ್ಲಿ ತಮ್ಮ ಐದು ವರ್ಷದ ಮಗ ಡೊನಾಲ್ಡ್‌ನನ್ನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಕರೆದೊಯ್ದರು. ಅದಕ್ಕೆ ಮೊದಲೇ ಅಲ್ಲಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ 33 ಪುಟಗಳ ಬೆರಳಚ್ಚಿನ ವಿವರಣೆಯೊಂದನ್ನು ಕಳುಹಿಸಿದ್ದರು. ಮಗು ಏನು ತಿನ್ನುತ್ತದೆ, ಯಾವ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತದೆ, ಯಾವುದರಲ್ಲಿ ತನ್ಮಯವಾಗುತ್ತದೆ ಎಂಬ ಗಮನಿಕೆಗಳೆಲ್ಲ ಅದರಲ್ಲಿದ್ದವು. ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ಮೊದಲ ಮಗು ಡೊನಾಲ್ಡ್. ಆ ಭಾಗವು ತಂದೆಯ ಬರವಣಿಗೆಯನ್ನು ಬಹಳವಾಗಿ ಆಧರಿಸಿದೆ. ಡೊನಾಲ್ಡ್ ಟ್ರಿಪ್ಲೆಟ್ ತಮ್ಮ ಊರಿನಲ್ಲಿಯೇ ದೀರ್ಘಕಾಲ ಬಾಳಿ 2023ರಲ್ಲಿ ತೀರಿಕೊಂಡರು.

ವಿಶೇಷ ಅಗತ್ಯದ ಮಕ್ಕಳನ್ನು ಬೆಳೆಸುವವರ ಬರವಣಿಗೆಯಲ್ಲಿ ಎರಡು ಬಗೆಯುಂಟು. ಮಗುವಿನ ನಿದ್ದೆ, ಊಟ, ಮಾತು, ಸೆಳೆತ, ಔಷಧಿ, ತರಬೇತಿ ಮುಂತಾದವನ್ನು ದಾಖಲಿಸುವ ದಿನಚರಿ ಒಂದು. ಪಾಲಕರು ತಮಗೋಸ್ಕರ ಬರೆದುಕೊಳ್ಳುವ ಕಥೆ, ಕವಿತೆ, ಪ್ರಬಂಧ, ಅಥವಾ ಯಾರಿಗೂ ತೋರಿಸದ ನಾಲ್ಕು ಸಾಲು ಇನ್ನೊಂದು. ಮೊದಲನೆಯದು ಅಗತ್ಯದ ಒತ್ತಡದಿಂದ ಹೇಗೋ ನಡೆದುಕೊಂಡು ಹೋಗುತ್ತದೆ. ಎರಡನೆಯದು ನಿಂತುಹೋಗುತ್ತದೆ; ಅನೇಕ ವೇಳೆ ಮೊದಲನೆಯದೇ ಅದನ್ನು ನುಂಗುತ್ತದೆ. ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಮಕ್ಕಳ ವೈದ್ಯೆಯಾಗಿ ಕೆಲಸ ಮಾಡುತ್ತಿರುವ, ಸ್ವಲೀನತೆ ಮತ್ತು ಅಪಸ್ಮಾರ ಎರಡೂ ಇರುವ ಮಗನ ತಾಯಿಯಾದ ನನಗೆ ಈ ಎರಡು ಪುಸ್ತಕಗಳ ಪರಿಚಯವೂ ಇದೆ. ಮೊದಲನೆಯದರ ಹದಿನೇಳು ಸಂಪುಟಗಳು ನಮ್ಮ ಮನೆಯ ಕಪಾಟಿನಲ್ಲಿವೆ. ಎರಡನೆಯದು 2006ರಿಂದ ಒಂಬತ್ತು ವರ್ಷ ಖಾಲಿಯಾಗಿತ್ತು.

ಮಗುವಿನ ದಿನಚರಿ

ಪಾಲಕರ ಗಮನಿಕೆಯು ವೈದ್ಯಶಾಸ್ತ್ರಕ್ಕೆ ದಾರಿ ತೋರಿದ ಇನ್ನೊಂದು ನಿದರ್ಶನ ನಾರ್ವೆಯದು. ಬೊರ್ಗ್ನಿ ಎಗೆಲಾಂಡ್ ಎಂಬ ತಾಯಿಯ ಇಬ್ಬರು ಮಕ್ಕಳ ಬುದ್ಧಿಯ ಬೆಳವಣಿಗೆ ಕುಂಠಿತವಾಗಿತ್ತು. ಮಕ್ಕಳ ಮೈಗೆ ಒಂದು ವಿಚಿತ್ರ ವಾಸನೆಯಿತ್ತು. ವೈದ್ಯರಿಂದ ವೈದ್ಯರಿಗೆ ಅಲೆದರೂ ಆಕೆ ಆ ವಾಸನೆಯ ಪ್ರಶ್ನೆಯನ್ನು ಬಿಡಲಿಲ್ಲ. 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಮಕ್ಕಳ ಮೂತ್ರವನ್ನು ಪರೀಕ್ಷಿಸಿ, ಇಂದು ಫಿನೈಲ್‌ಕೀಟೋನ್ಯೂರಿಯಾ ಎಂದು ಕರೆಯಲಾಗುವ ರೋಗವನ್ನು ಗುರುತಿಸಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯ ಒಂದು ಹನಿ ರಕ್ತದಿಂದ ಇದನ್ನು ಪತ್ತೆಹಚ್ಚಿ, ಪಥ್ಯದಿಂದ ಮಗುವಿನ ಬುದ್ಧಿಯನ್ನು ಉಳಿಸಿಕೊಳ್ಳುವುದು ಈಗ ಸಾಧ್ಯ.

ಆಸ್ಪತ್ರೆಯಲ್ಲಿ ಒಂದು ಮಗುವಿಗೆ ನಾವು ಕೊಡಬಲ್ಲ ಸಮಯ ಹದಿನೈದು ನಿಮಿಷ. ಮಗು ಆ ಹದಿನೈದು ನಿಮಿಷಗಳಲ್ಲಿ ತನ್ನ ನಿತ್ಯದ ನಡವಳಿಕೆಯನ್ನು ತೋರಿಸುವುದೆಂಬ ಭರವಸೆಯಿಲ್ಲ. ಆದ್ದರಿಂದ ಒಳ್ಳೆಯ ದಿನಚರಿಯೊಂದು ರಕ್ತಪರೀಕ್ಷೆಯಷ್ಟೇ ಬೆಲೆಬಾಳುತ್ತದೆ. ಒಳ್ಳೆಯದು ಎಂದರೆ ದೊಡ್ಡದು ಎಂದರ್ಥವಲ್ಲ. ಸೆಳೆತ ಬಂದರೆ ದಿನಾಂಕ, ಗಡಿಯಾರದ ಸಮಯ, ಎಷ್ಟು ಹೊತ್ತು, ದೇಹದ ಯಾವ ಭಾಗದಲ್ಲಿ ಮೊದಲಾಯಿತು, ಜ್ವರವಿತ್ತೇ, ಹಿಂದಿನ ರಾತ್ರಿ ನಿದ್ದೆಯಾಗಿತ್ತೇ, ಮಾತ್ರೆ ತಪ್ಪಿತ್ತೇ ಎಂಬಿಷ್ಟು ಸಾಕು. ಸೆಳೆತವು ಐದು ನಿಮಿಷವನ್ನು ಮೀರಿದರೆ ಅದು ತುರ್ತುಸ್ಥಿತಿ; ಆಗ ಬರೆಯುತ್ತ ಕೂರಬಾರದು. ವರ್ತನೆಯ ವಿಷಯದಲ್ಲಿ ಮೂರು ಕಾಲಂ ಬೇಕು: ಮುನ್ನ ಏನಾಯಿತು, ಮಗು ಏನು ಮಾಡಿತು, ಅನಂತರ ನಾವು ಏನು ಮಾಡಿದೆವು. "ಇಂದು ಬಹಳ ಹಟ ಮಾಡಿದ" ಎಂಬ ವಾಕ್ಯದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ನನ್ನ ಮಗ ಏಳನೆಯ ವಯಸ್ಸಿನಲ್ಲಿ ಸಂಜೆಯ ಹೊತ್ತು ತಲೆಯನ್ನು ಗೋಡೆಗೆ ಬಡಿದುಕೊಳ್ಳತೊಡಗಿದಾಗ ಮನೆಯಲ್ಲಿ ಎಲ್ಲರೂ ತಲೆಗೊಂದು ಕಾರಣ ಹೇಳಿದೆವು. ಮೂರು ಕಾಲಮ್ಮಿನ ಹದಿನಾರು ದಿನಗಳ ಟಿಪ್ಪಣಿಯನ್ನು ಒಟ್ಟಿಗೆ ಓದಿದಾಗ, ಹನ್ನೆರಡು ದಿನ "ಮುನ್ನ" ಎಂಬ ಕಾಲಮ್ಮಿನಲ್ಲಿ ಫ್ರಿಜ್ಜಿನ ನೀರು ಇತ್ತು. ದವಡೆಯ ಹಲ್ಲು ಹುಳುಕಾಗಿತ್ತು. ಮಾತಿಲ್ಲದ ಮಗುವಿನ ಹಲ್ಲುನೋವನ್ನು ವೈದ್ಯೆಯಾದ ತಾಯಿ ಹದಿನಾರು ದಿನ ಕಾಣಲಿಲ್ಲವೆಂಬುದನ್ನು ಇಲ್ಲಿ ಹೇಳುವುದರಲ್ಲಿ ಸಂಕೋಚವಿದೆ, ಆದರೆ ಪುಸ್ತಕ ಕಂಡಿತು.

ಕಿವುಡು ಮಕ್ಕಳ ಶಿಕ್ಷಣದಲ್ಲಿ ಈ ಪದ್ಧತಿ ಹಳೆಯದು. ನಟ ಸ್ಪೆನ್ಸರ್ ಟ್ರೇಸಿಯವರ ಪತ್ನಿ ಲೂಯಿಸ್ ಟ್ರೇಸಿ ತಮ್ಮ ಮಗ ಜಾನ್‌ನ ಕಿವುಡುತನದಿಂದ ಕಲಿತದ್ದನ್ನು ಇತರರಿಗೂ ಹಂಚಲು 1942ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಕೇಂದ್ರವನ್ನು ಆರಂಭಿಸಿ, ದೂರದ ಪಾಲಕರಿಗೆ ಅಂಚೆಯ ಮೂಲಕ ಉಚಿತ ಪಾಠಗಳನ್ನು ಕಳುಹಿಸಿದರು. ದಿನದ ಒಂದು ಘಟನೆಯನ್ನು ಚಿತ್ರ ಬರೆದು, ಕೆಳಗೆ ಒಂದು ವಾಕ್ಯ ಸೇರಿಸಿ ಮಗುವಿನೊಡನೆ ಕುಳಿತು ಓದುವ "ಅನುಭವದ ಪುಸ್ತಕ"ವನ್ನು ವಾಕ್ ಶ್ರವಣ ತಜ್ಞರು ಇಂದಿಗೂ ಸೂಚಿಸುತ್ತಾರೆ. ರಜೆಯಲ್ಲಿ ಊರಿಗೆ ಹೋಗುವವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಮಗುವನ್ನು ಕರೆದೊಯ್ಯುವುದಾದರೆ, ಅದಕ್ಕೆ ಮುಂಚಿನ ಎರಡು ವಾರಗಳ ದಿನಚರಿಯನ್ನು ಕೊಂಡೊಯ್ಯುವುದು ಒಳಿತು.

ಸೌದಿಯಲ್ಲಿ ಬರೆಯುವವರು ಗಮನಿಸಬೇಕಾದುದು

ಇಲ್ಲಿನ ಹಳೆಯ ಆಸ್ಪತ್ರೆ ಪತ್ರಗಳಲ್ಲಿಯೂ ಲಸಿಕೆಯ ಚೀಟಿಗಳಲ್ಲಿಯೂ ಹಿಜರಿ ದಿನಾಂಕ ಮಾತ್ರ ಇರುವುದುಂಟು. ಹಿಜರಿ ವರ್ಷವು 354 ಅಥವಾ 355 ದಿನಗಳದು. ನಮ್ಮ ರೂಢಿಯ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆರು ವರ್ಷ ತುಂಬಿದ ಮಗುವಿಗೆ ಹಿಜರಿ ಲೆಕ್ಕದಲ್ಲಿ ಆರು ವರ್ಷ ಎರಡು ತಿಂಗಳಾಗಿರುತ್ತದೆ. ಬೆಳವಣಿಗೆಯ ಪರೀಕ್ಷೆಗಳಲ್ಲಿ ಎರಡು ತಿಂಗಳು ಅಲ್ಪವೇನಲ್ಲ. ದಿನಚರಿಯಲ್ಲಿ ಎರಡೂ ದಿನಾಂಕಗಳನ್ನು ಬರೆದಿಟ್ಟವರಿಗೆ ಮುಂದೆ ಬೇರೆ ದೇಶದ ವೈದ್ಯರೆದುರು ತೊಂದರೆಯಾಗದು.

2013ರ ಜೂನ್ ಕೊನೆಯಲ್ಲಿ ಸೌದಿ ಸರ್ಕಾರವು ವಾರದ ರಜೆಯನ್ನು ಗುರುವಾರ ಮತ್ತು ಶುಕ್ರವಾರಗಳಿಂದ ಶುಕ್ರವಾರ ಮತ್ತು ಶನಿವಾರಗಳಿಗೆ ಬದಲಾಯಿಸಿತು. ವ್ಯಾಪಾರಸ್ಥರಿಗೆ ಅದರಿಂದ ಅನುಕೂಲವಾಯಿತು. ಗುರುವಾರವೆಂದರೆ ತಂದೆ ಮನೆಯಲ್ಲಿರುವ ದಿನ ಎಂದು ನಂಬಿದ್ದ ನನ್ನ ಹತ್ತು ವರ್ಷದ ಮಗ ಮೂರು ವಾರ ಬಾಗಿಲ ಬಳಿ ಕೂತು ಅತ್ತ. ಅಂದಿನ ಸಂಪುಟದಲ್ಲಿ ಆ ಮೂರು ಗುರುವಾರಗಳ ಪುಟಗಳಲ್ಲಿ ಸೆಳೆತವೂ ದಾಖಲಾಗಿದೆ. ರಂಜಾನ್ ತಿಂಗಳಲ್ಲಿ ಹಗಲು ಮಲಗಿ ಇರುಳು ಎಚ್ಚರವಾಗುವ ನಗರದ ಲಯವೂ ಇಂಥದೇ. ಕೆಲಸದ ಗಂಟೆಗಳು, ಅಂಗಡಿಗಳು, ಬೀದಿಯ ಸದ್ದು ಎಲ್ಲವೂ ಮಧ್ಯರಾತ್ರಿಯ ಕಡೆಗೆ ಜರುಗುತ್ತವೆ. ನಿದ್ದೆ ಕೆಡುವುದು ಅಪಸ್ಮಾರದವರಿಗೆ ಸೆಳೆತದ ಒಂದು ಮುಖ್ಯ ಪ್ರಚೋದಕ. ನಾವು ಮುಸ್ಲಿಮರಾಗಿರಲಿ ಅಲ್ಲದಿರಲಿ, ಈ ತಿಂಗಳು ಬರುವ ಎರಡು ವಾರ ಮೊದಲೇ ನಿದ್ದೆಯ ಪಟ್ಟಿಯನ್ನು ಬರೆಯಲು ತೊಡಗುವುದು ಸೂಕ್ತ. ಉಪವಾಸ ಮಾಡುವ ಹದಿಹರೆಯದವರ ಮಾತ್ರೆಯ ವೇಳೆಯನ್ನು ವೈದ್ಯರೊಡನೆ ಮಾತನಾಡಿಯೇ ನಿಶ್ಚಯಿಸಬೇಕು.

ಈ ನಾಡಿನಲ್ಲಿ ಅಂಗವಿಕಲರ ಹಕ್ಕುಗಳಿಗೆ 2000ರಿಂದ ಒಂದು ಕಾನೂನು ಇತ್ತು. 2008ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಗೆ ಸೌದಿ ಸೇರಿತು. 2023ರಲ್ಲಿ ಹೊಸ ಕಾನೂನು ಬಂದಿತು. ವಲಸಿಗರಾದ ನಮ್ಮ ನಿತ್ಯಜೀವನವನ್ನು ಹೆಚ್ಚು ತಟ್ಟುವ ಸಂಗತಿಗಳು ಬೇರೆ. ಅನೇಕ ಕೇಂದ್ರಗಳ ಬೋಧನೆ ಅರಬ್ಬಿಯಲ್ಲಿ ನಡೆಯುತ್ತದೆ. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ಸ್ಥಳ ಕಡಿಮೆ. 2017ರ ಜುಲೈಯಿಂದ ಪ್ರತಿ ಅವಲಂಬಿತ ವ್ಯಕ್ತಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂದು, ವರ್ಷಕ್ಕೆ 100ರಂತೆ ಏರಿ, 2020ರ ಜುಲೈಯಲ್ಲಿ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1200 ರಿಯಾಲ್. ಮಗುವಿನ ತರಬೇತಿಗೆಂದು ಎತ್ತಿಟ್ಟ ಹಣ ಅಲ್ಲಿಗೆ ಹೋಯಿತು. ಅನೇಕ ಮನೆಗಳಲ್ಲಿ ತಾಯಿ ಮಕ್ಕಳು ಊರಿಗೆ ಮರಳಿದರು. ತಂದೆ ಇಲ್ಲಿಯೇ ಉಳಿದರು. ಹಾಗಾದಾಗ ದಿನಚರಿಯ ಸ್ವರೂಪವೇ ಬದಲಾಗುತ್ತದೆ: ಉಡುಪಿಯಲ್ಲೋ ಭಟ್ಕಳದಲ್ಲೋ ಬರೆದದ್ದನ್ನು ದಮ್ಮಾಮಿನಲ್ಲಿ ಓದಬೇಕು. ತಾಯಿ ಪುಟದ ಚಿತ್ರ ತೆಗೆದು ಕಳುಹಿಸಿ, ತಂದೆ ರಾತ್ರಿ ಅದನ್ನು ಓದಿ ಅಂಚಿನಲ್ಲಿ ಸೇರಿಸಬೇಕಾದ ಪ್ರಶ್ನೆಯನ್ನು ಧ್ವನಿಯಲ್ಲಿ ಕಳುಹಿಸುವ ಕುಟುಂಬಗಳನ್ನು ನಾನು ಬಲ್ಲೆ. ಒಂಟಿ ತಂದೆಯರಿಗೆ ಇದು ಮಗುವಿನ ಬಳಿ ಇರುವ ಒಂದು ವಿಧಾನ.

ಯಾವ ನುಡಿಯಲ್ಲಿ

ಅರಬ್ಬಿಯಲ್ಲಿ ಆಟಿಸಮ್ಮಿಗೆ ತವಹ್ಹುದ್ ಎನ್ನುತ್ತಾರೆ. ಒಂದು, ಒಂಟಿ ಎಂಬ ಅರ್ಥದ ಧಾತುವಿನಿಂದ ಬಂದ ಪದ. ಆಟಿಸಂ ಎಂಬುದು ತಾನು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ನಮ್ಮ ಸ್ವಲೀನತೆಯೂ ಹಾಗೆಯೇ. ಮೂರು ಭಾಷೆಗಳೂ ಮಗುವನ್ನು ಒಳಗೆ ಮುಚ್ಚಿಟ್ಟ ಹಾಗೆ ಹೆಸರಿಟ್ಟಿವೆ. ನನಗೆ ಇದು ಅಷ್ಟೇನೂ ಒಪ್ಪಿಗೆಯಿಲ್ಲದಿದ್ದರೂ ಬೇರೆ ಪದ ಹೊಳೆದಿಲ್ಲ.

2006ರಲ್ಲಿ ಮಗನಿಗೆ ಮೂರು ವರ್ಷವಾಗಿದ್ದಾಗ ಇಲ್ಲಿಯ ಒಬ್ಬ ತರಬೇತುದಾರರು ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ ಇಂಗ್ಲಿಷನ್ನು ಮಾತ್ರ ಆಡಬೇಕೆಂದು ಹೇಳಿದರು. ಎರಡು ಭಾಷೆ ಮಗುವನ್ನು ಗೊಂದಲಕ್ಕೆ ದೂಡುತ್ತದೆಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ನಾವು ಎರಡು ವರ್ಷ ಹಾಗೆಯೇ ನಡೆದುಕೊಂಡೆವು. ದಿನಚರಿಯೂ ಇಂಗ್ಲಿಷಿಗೆ ತಿರುಗಿತು. ಎರಡು ಭಾಷೆ ಕೇಳಿ ಬೆಳೆಯುವ ಸ್ವಲೀನ ಮಕ್ಕಳ ಮಾತು ಒಂದೇ ಭಾಷೆಯ ಸ್ವಲೀನ ಮಕ್ಕಳ ಮಾತಿಗಿಂತ ಹೆಚ್ಚು ಹಿಂದುಳಿಯುತ್ತದೆಂದು ಅನಂತರದ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. 2012ರಲ್ಲಿ ಪ್ರಕಟವಾದ ಹ್ಯಾಂಬ್ಲಿ ಮತ್ತು ಫೊಂಬಾನ್ ಅವರ ಕೆನಡಾದ ಅಧ್ಯಯನ ಅವುಗಳಲ್ಲಿ ಒಂದು. ತಾಯಿಗೆ ಸಹಜವಲ್ಲದ ಭಾಷೆಯಲ್ಲಿ ಮಾತು ಸೊರಗುತ್ತದೆ, ಲಾಲಿ ನಿಲ್ಲುತ್ತದೆ, ಅಜ್ಜಿಯ ಫೋನು ಮೊಟಕಾಗುತ್ತದೆ ಎಂಬುದು ನಮ್ಮ ಅನುಭವ.

ಆ ಕಾಲದ ಸಂಪುಟದಲ್ಲಿ ಒಂದು ನಮೂದು ಹೀಗಿದೆ: ಹಾಲು ಕೊಟ್ಟಾಗ ತಲೆಯಾಡಿಸಿ ನೋ ಎಂದ, ಇದು ಮೊದಲ ಸ್ಪಷ್ಟ ಪದ. ಹಲವು ವರ್ಷಗಳ ತರುವಾಯ ಊರಿನಲ್ಲಿ ಇದನ್ನು ಓದಿ ಹೇಳಿದಾಗ ನನ್ನ ತಾಯಿ ತಿದ್ದಿದರು. ಅಂದು ಫೋನಿನ ಆ ತುದಿಯಲ್ಲಿ ಅವರಿದ್ದರು. ಮಗು ನೋ ಎನ್ನಲಿಲ್ಲ, ಬ್ಯಾಡ ಎಂದಿತ್ತು. ನಾನು ಭಾಷಾಂತರಿಸಿ ಬರೆದಿದ್ದೆ. ಮಗುವಿನ ಮಾತನ್ನು ಅದು ಆಡಿದ ಹಾಗೆಯೇ, ತೊದಲನ್ನೂ ತಿದ್ದದೆ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕೆಂದು ನನ್ನಲ್ಲಿಗೆ ಬರುವ ಕನ್ನಡ ಕುಟುಂಬಗಳಿಗೆ ಅಂದಿನಿಂದ ಹೇಳುತ್ತಿದ್ದೇನೆ. ಬ್ಯಾರಿ, ತುಳು, ಕೊಂಕಣಿ, ಉರ್ದು ಆಡುವ ಮನೆಗಳಲ್ಲಿಯೂ ಕನ್ನಡ ಲಿಪಿ ಈ ಕೆಲಸಕ್ಕೆ ಒದಗುತ್ತದೆ. ಧ್ವನಿಯನ್ನು ಕೇಳಿದ ಹಾಗೆ ಹಿಡಿಯುವುದರಲ್ಲಿ ಇಂಗ್ಲಿಷ್ ಅಕ್ಷರಗಳಿಗಿಂತ ಅದು ಎಷ್ಟೋ ಮೇಲು. ವೈದ್ಯರಿಗೆ ಬೇಕಾದಾಗ ಅನುವಾದಿಸಿದರಾಯಿತು.

ತನಗಾಗಿ ಬರೆಯುವುದು

ಕಾಲೇಜಿನ ದಿನಗಳಲ್ಲಿ ಕಥೆ ಬರೆದು ಪತ್ರಿಕೆಗಳಿಗೆ ಕಳುಹಿಸುತ್ತಿದ್ದವರು, ಮಗುವಿನ ಸ್ಥಿತಿ ತಿಳಿದ ಮೇಲೆ ಬರೆಯುವುದನ್ನು ಬಿಡುವುದು ಸಾಮಾನ್ಯ. ಸಮಯವಿಲ್ಲ ಎಂಬುದು ಕಾರಣಗಳಲ್ಲಿ ಒಂದು ಮಾತ್ರ. ಮಗುವಿನ ಬಗ್ಗೆ ಬರೆಯದ ಪ್ರತಿಯೊಂದು ಸಾಲೂ ಮಗುವಿನಿಂದ ಕದ್ದದ್ದು ಎಂಬ ಭಾವ ಇನ್ನೊಂದು. ನನ್ನ ಖಾಲಿ ವರ್ಷಗಳಲ್ಲಿ ಎರಡನೆಯದೇ ಬಲವಾಗಿತ್ತು. ರಾತ್ರಿ ಹನ್ನೊಂದಕ್ಕೆ ಮಗನ ದಿನಚರಿ ಮುಗಿಸಿ ಪೆನ್ನು ಮುಚ್ಚುವಾಗ, ಈ ದಿನ ಬರೆದಾಯಿತು ಎಂಬ ತೃಪ್ತಿಯೂ ಬರುತ್ತಿತ್ತು. ಅದು ಮೋಸದ ತೃಪ್ತಿ. ಅನ್ನದ ಬದಲು ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡ ಹಾಗೆ.

ಕೈ ಬಿಡುವಿಲ್ಲದವರ ಸಾಹಿತ್ಯ ಕನ್ನಡಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೆಳಗಿನ ಜಾವದಲ್ಲಿ ಬೀಸುಕಲ್ಲಿನ ಮುಂದೆ, ಮಗುವನ್ನು ತೊಡೆಯ ಮೇಲೋ ತೊಟ್ಟಿಲಲ್ಲೋ ಇಟ್ಟುಕೊಂಡು ಕಟ್ಟಿ ಹಾಡಿದ ತ್ರಿಪದಿಗಳು ಅಕ್ಷರದ ಹಂಗಿಲ್ಲದೆ ತಲೆಮಾರುಗಳನ್ನು ದಾಟಿ ಬಂದವು. ಹಲಸಂಗಿಯ ಗೆಳೆಯರು ಅವನ್ನು "ಗರತಿಯ ಹಾಡು" ಎಂಬ ಸಂಗ್ರಹವಾಗಿ ಹೊರತಂದರು. ಮೂರೇ ಸಾಲು, ಬಾಯಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಅಳತೆ, ಕಲ್ಲಿನ ತಿರುವಿಗೆ ಹೊಂದುವ ಲಯ: ಆ ರೂಪವು ಆ ಬದುಕಿನಿಂದಲೇ ಬಂದದ್ದು. ದಿನಕರ ದೇಸಾಯಿಯವರ ಚುಟುಕಗಳ ನಾಲ್ಕು ಸಾಲೂ ಹಾಗೆಯೇ ಚಿಕ್ಕ ಜಾಗದಲ್ಲಿ ಕೂರುವಂಥದು. ಮಗುವನ್ನು ಉಯ್ಯಾಲೆಯಲ್ಲಿ ಒಂದು ಗಂಟೆ ತೂಗಬೇಕಾದ ತಾಯಿಗೆ ಕಾದಂಬರಿಯ ಅಧ್ಯಾಯ ಸಾಗದಿರಬಹುದು, ತ್ರಿಪದಿ ಸಾಗುತ್ತದೆ. ಮೊದಲು ಬಾಯಲ್ಲಿ ಕಟ್ಟಿ ಅನಂತರ ಬರೆದರಾಯಿತು. 2017ರ ಆಗಸ್ಟಿನಿಂದ ಗೂಗಲ್ಲಿನ ಧ್ವನಿ ಬರವಣಿಗೆ ಕನ್ನಡಕ್ಕೂ ಬಂದಿರುವುದರಿಂದ, ಕೈ ಖಾಲಿಯಿಲ್ಲದಾಗ ಫೋನಿಗೆ ಹೇಳಿಯೂ ಬರೆಸಬಹುದು. ಅದು ಮಾಡುವ ತಪ್ಪುಗಳಿಂದ ಕೆಲವೊಮ್ಮೆ ನಗುವೂ ದೊರೆಯುತ್ತದೆ.

ತಡವಾಗಿ ಆರಂಭಿಸುವುದೂ ನಮ್ಮಲ್ಲಿ ಉಂಟು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ನಾಲ್ವರು ಗಂಡುಮಕ್ಕಳನ್ನು ಬೆಳೆಸಿ, ನಲವತ್ತರ ನಡುವಿನ ವಯಸ್ಸಿನಲ್ಲಿ ಬರಹವನ್ನು ಪ್ರಕಟಿಸತೊಡಗಿದರು; "ಚಂದ್ರಗಿರಿಯ ತೀರದಲ್ಲಿ" ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಪಾರ್ಶ್ವವಾಯುವಿಗೆ ತುತ್ತಾದ ಪತಿ ನಿರಂಜನರ ಶುಶ್ರೂಷೆಯ ವರ್ಷಗಳಲ್ಲಿ, ಮುಂದೆ ತಮ್ಮದೇ ಕ್ಯಾನ್ಸರಿನ ನಡುವೆಯೂ, ಬರೆಯುತ್ತ ಹೋದರು. ಇವರನ್ನು ಮಾದರಿಯಾಗಿ ಹೇಳಿ ದಣಿದ ತಾಯಂದಿರ ಮೇಲೆ ಇನ್ನೊಂದು ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಅವರ ದಿನಗಳಲ್ಲಿ ಬರೆಯುವ ಗಂಟೆ ಎಲ್ಲಿಂದ ಬಂತು ಎಂದು ಕೇಳುವುದು ಉಪಯುಕ್ತ.

ಏಕೆಂದರೆ ಅದು ತಾನಾಗಿ ಸಿಗುವುದಿಲ್ಲ, ಯಾರಾದರೂ ಕೊಡಬೇಕು. ಬೆಳಗ್ಗೆ ಒಂದು ಗಂಟೆ ಮೊದಲೇ ಏಳಿರಿ ಎಂಬ ಉಪದೇಶವನ್ನು ಬರೆಯುವ ಕಲೆಯ ಪುಸ್ತಕಗಳಲ್ಲಿ ಕಾಣುತ್ತೇವೆ. ರಾತ್ರಿ ಮೂರು ಬಾರಿ ಎದ್ದವರಿಗೆ ವೈದ್ಯೆಯಾಗಿ ನಾನು ಆ ಮಾತನ್ನು ಹೇಳಲಾರೆ. ಅವರಿಗೆ ಮೊದಲು ನಿದ್ದೆ ಬೇಕು. ನನ್ನ ಎರಡನೆಯ ಪುಸ್ತಕ 2015ರಲ್ಲಿ ಮತ್ತೆ ತೆರೆದದ್ದು ನನ್ನ ಸಂಕಲ್ಪದಿಂದಲ್ಲ. ಪತಿ ಪ್ರತಿ ಶುಕ್ರವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಮಗನನ್ನು ಖೋಬರಿನ ಕಡಲ ದಂಡೆಗೆ ಕರೆದೊಯ್ಯತೊಡಗಿದರು. ಆ ಹೊತ್ತಿನಲ್ಲಿ ರಸ್ತೆಗಳು ಖಾಲಿ, ಮಗನಿಗೆ ಸದ್ದಿನ ಕಾಟವಿಲ್ಲ. ಮೊದಲ ನಾಲ್ಕು ಶುಕ್ರವಾರ ನಾನು ನಿದ್ದೆ ಮಾಡಿದೆ. ಐದನೆಯ ಶುಕ್ರವಾರ ಅಡುಗೆಮನೆ ತೊಳೆದೆ. ಅದಕ್ಕೆ ಅವರು ಬೇಸರಪಟ್ಟುಕೊಂಡರು. ಆರನೆಯದರಂದು ಒಂದು ಪುಟವಾಯಿತು, ನಮ್ಮ ಊರಿನ ಅಂಚೆಯಣ್ಣನ ಬಗ್ಗೆ. ಅದರಲ್ಲಿ ಮಗನ ಪ್ರಸ್ತಾಪವಿರಲಿಲ್ಲ. ಅದನ್ನು ಬರೆದ ನಂತರ ನನಗೆ ಅಪರಾಧಿ ಭಾವ ಬರಲಿಲ್ಲವೆಂದರೆ ಸುಳ್ಳಾಗುತ್ತದೆ.

ಪತಿ ಇಲ್ಲದ, ಅಥವಾ ಪತಿ ಸಮುದ್ರದಾಚೆಗಿರುವ ಮನೆಗಳಲ್ಲಿ ಈ ಎರಡು ಗಂಟೆಯನ್ನು ಅಜ್ಜಿಯೋ ಅಕ್ಕನೋ ನೆರೆಯವರೋ ಕೊಡಬೇಕಾಗುತ್ತದೆ. ಜುಬೈಲಿನಲ್ಲಿ ಎರಡು ಕುಟುಂಬಗಳು ವಾರ ಬಿಟ್ಟು ವಾರ ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಂ‌ಡದ್ದನ್ನು ಕಂಡಿದ್ದೇನೆ. ಉಳಿದಂತೆ ಚಿಲ್ಲರೆ ಸಮಯವಿದೆ. ತರಬೇತಿ ಕೇಂದ್ರದ ಹೊರಗೆ ಕಾಯುವ ನಲವತ್ತೈದು ನಿಮಿಷ ಅದರಲ್ಲಿ ಶ್ರೇಷ್ಠವಾದದ್ದು. ಹೆಣ್ಣು ಬರೆಯಲು ಸ್ವಂತ ಕೋಣೆ ಬೇಕೆಂದು ವರ್ಜೀನಿಯಾ ವುಲ್ಫ್ 1929ರಲ್ಲಿ ಹೇಳಿದರು. ನಮ್ಮಲ್ಲಿ ಹಲವರಿಗೆ ದೊರೆತದ್ದು ಪ್ಲಾಸ್ಟಿಕ್ ಕುರ್ಚಿಗಳ ಆ ಕೋಣೆ. 2018ರ ಜೂನ್ 24ರಂದು ಸೌದಿಯಲ್ಲಿ ಮಹಿಳೆಯರಿಗೆ ವಾಹನ ಚಲಾಯಿಸುವ ಅವಕಾಶ ದೊರೆತಾಗ ನಮ್ಮಂಥವರ ಜೀವನ ಹಗುರವಾಯಿತು, ಡ್ರೈವರಿನ ವೇಳೆಗೆ ಕಾಯುವುದು ತಪ್ಪಿತು. ಹಿಂದಿನ ಸೀಟಿನಲ್ಲಿ ಕುಳಿತು ಬರೆಯುತ್ತಿದ್ದ ಅರ್ಧ ಗಂಟೆಯೂ ತಪ್ಪಿತು.

ಬರವಣಿಗೆಯಿಂದ ಆರೋಗ್ಯ ಸುಧಾರಿಸುವುದೇ

ಇದಕ್ಕೆ ಉತ್ಸಾಹದ ಉತ್ತರಗಳು ಬಹಳ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ನೋವಿನ ಘಟನೆಗಳನ್ನು ಬರೆದರು. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಕಡಿಮೆ ಬಾರಿ ಹೋದರು. ಬರೆದ ಕೂಡಲೇ ಮಾತ್ರ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. 1999ರಲ್ಲಿ ಜೋಶುವಾ ಸ್ಮಿತ್ ಮತ್ತು ಸಂಗಡಿಗರು ಉಬ್ಬಸ ಮತ್ತು ಸಂಧಿವಾತವಿದ್ದ 112 ರೋಗಿಗಳಲ್ಲಿ ಇದೇ ಬಗೆಯ ಬರವಣಿಗೆಯಿಂದ ನಾಲ್ಕು ತಿಂಗಳ ನಂತರ ಸುಧಾರಣೆ ಕಂಡರು. ಆದರೆ 2006ರಲ್ಲಿ ಜೋಆನ್ ಫ್ರಟರೋಲಿ 146 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪ್ರಯೋಜನ ಇದೆಯಾದರೂ ಅದು ಅಲ್ಪ ಎಂದು ತಿಳಿದುಬಂತು. ಅಷ್ಟನ್ನೇ ನಂಬುವುದು ಲೇಸು.

ಪಾಲಕರ ದಣಿವು ಮಾತ್ರ ಕಲ್ಪನೆಯಲ್ಲ. 2004ರಲ್ಲಿ ಎಲಿಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಸಂಗಡಿಗರು 58 ತಾಯಂದಿರ ರಕ್ತಕಣಗಳನ್ನು ಪರೀಕ್ಷಿಸಿದರು. ಅವರಲ್ಲಿ 39 ಮಂದಿಗೆ ದೀರ್ಘಕಾಲದ ಕಾಯಿಲೆಯ ಮಕ್ಕಳಿದ್ದರು. ಈ ತಾಯಂದಿರಲ್ಲಿ ಪಾಲನೆಯ ವರ್ಷಗಳು ಹೆಚ್ಚಿದಷ್ಟೂ, ಜೀವಕೋಶದ ವಯಸ್ಸನ್ನು ಸೂಚಿಸುವ ಟೆಲೊಮಿಯರ್ ಎಂಬ ತುದಿಭಾಗ ಗಿಡ್ಡವಾಗಿತ್ತು. ಸಣ್ಣ ಅಧ್ಯಯನವೇ ಸರಿ. ಬರೆಯುವಾಗ ಅದೇ ದುಃಖ ಅದೇ ಮಾತುಗಳಲ್ಲಿ ವಾರಗಟ್ಟಲೆ ಮರಳುತ್ತಿದ್ದರೆ, ನಿದ್ದೆ ಊಟಗಳು ಕೆಟ್ಟಿದ್ದರೆ, ಬದುಕು ಬೇಡವೆಂಬ ಯೋಚನೆ ಪುಟದ ಮೇಲೆ ಬಂದರೆ, ಅದು ಖಿನ್ನತೆಯ ಲಕ್ಷಣ. ಆಗ ಬೇಕಾದದ್ದು ವೈದ್ಯರು, ಇನ್ನೊಂದು ಪುಸ್ತಕವಲ್ಲ.

ಯಾರ ಕಥೆ

ಜಪಾನಿನ ಕಾದಂಬರಿಕಾರ ಕೆಂಜಬುರೊ ಒಯೆ ಅವರ ಮಗ ಹಿಕಾರಿ 1963ರಲ್ಲಿ ತಲೆಬುರುಡೆಯ ಗಂಭೀರ ದೋಷದೊಂದಿಗೆ ಹುಟ್ಟಿದರು. ಮರುವರ್ಷವೇ ಬಂದ ಕಾದಂಬರಿಯಲ್ಲಿ ಅಂಥ ಮಗುವಿನ ತಂದೆ ಮಗು ಸಾಯಲಿ ಎಂದು ಬಯಸುತ್ತಾನೆ. ಹಿಕಾರಿ ಮುಂದೆ ಸಂಗೀತ ರಚನಕಾರರಾದರು. ತಂದೆಗೆ 1994ರಲ್ಲಿ ನೊಬೆಲ್ ಬಂತು. ಪರ್ಲ್ ಬಕ್ ಇದಕ್ಕೆ ವಿರುದ್ಧವಾಗಿ ನಡೆದುಕೊಂಡರು. 1920ರಲ್ಲಿ ಹುಟ್ಟಿದ ಮಗಳು ಕ್ಯಾರಲ್ ಬಗ್ಗೆ ದೀರ್ಘಕಾಲ ಮೌನವಾಗಿದ್ದು, 1950ರಲ್ಲಿ ಮಾತ್ರ ಒಂದು ಚಿಕ್ಕ ಪುಸ್ತಕ ಬರೆದರು. ಕ್ಯಾರಲ್‌ಗೆ ಇದ್ದದ್ದು ಆ ನಾರ್ವೆಯ ಮಕ್ಕಳದೇ ರೋಗವೆಂದು ತಡವಾಗಿ ತಿಳಿಯಿತು. ಕ್ಲಾರಾ ಕ್ಲೈಬೋರ್ನ್ ಪಾರ್ಕ್ 1967ರಲ್ಲಿ ಸ್ವಲೀನ ಮಗಳ ಬಾಲ್ಯವನ್ನು ಬರೆದಾಗ ಮಗಳಿಗೆ ಬೇರೆ ಹೆಸರು ಕೊಟ್ಟರು.

ನಾನು ಮೂರನೆಯವರ ಕಡೆಗೆ. ಮಗುವಿಗೆ ಒಪ್ಪಿಗೆ ಹೇಳಲು ಬಾರದಿರುವುದು ಒಪ್ಪಿಗೆಯಾಗುವುದಿಲ್ಲ. ಮಲಮೂತ್ರದ ವಿವರ, ಬಟ್ಟೆಯಿಲ್ಲದ ಹೊತ್ತು, ಹದಿಹರೆಯದ ದೇಹದ ಸಂಗತಿಗಳು ಮೊದಲ ಪುಸ್ತಕದಲ್ಲಿ ಇರಬೇಕಾದವು. ಎರಡನೆಯದಕ್ಕೆ, ಅಚ್ಚಿಗೆ ಹೋಗುವ ಬರಹಕ್ಕಂತೂ, ಅವು ದಾಟಬಾರದು. ಈ ಲೇಖನದಲ್ಲಿ ಮಗನ ಹೆಸರು ಇಲ್ಲದಿರುವುದೂ ಅದರಿಂದಲೇ. ಹಲ್ಲುನೋವಿನ ಮತ್ತು ಗುರುವಾರಗಳ ಪ್ರಸಂಗಗಳನ್ನು ಅವನೆದುರು ಓದಿ ಹೇಳಿದೆ. ಗುರುವಾರದ್ದಕ್ಕೆ ನಕ್ಕ. ಅದನ್ನು ಅನುಮತಿಯೆಂದು ತಿಳಿದಿದ್ದೇನೆ, ತಪ್ಪಿರಬಹುದು.

ನಮ್ಮ ನಂತರದ ಪುಟಗಳು

ಸೌದಿಯಲ್ಲಿ ನಮ್ಮ ವಾಸವು ಸಾಮಾನ್ಯವಾಗಿ ಉದ್ಯೋಗದೊಡನೆ ಮುಗಿಯುತ್ತದೆ. ಅರವತ್ತರ ಹೊತ್ತಿಗೆ ಮಗುವನ್ನು, ಅಂದರೆ ಮೂವತ್ತರ ಮಗುವನ್ನು, ಕರೆದುಕೊಂಡು ಅವನಿಗೆ ಪರಿಚಯವಿಲ್ಲದ ಊರಿಗೆ ಹೋಗಬೇಕು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಸ್ವಲೀನತೆ ಅವುಗಳಲ್ಲಿ ಒಂದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಸ್ವಲೀನತೆ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ಹದಿನೆಂಟು ತುಂಬಿದ ಮೇಲೂ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಪಾಲಕರನ್ನು ನೇಮಿಸಬಹುದು. ಹಾಗೆ ನೇಮಕವಾಗುವ ತಮ್ಮನಿಗೋ ನಾದಿನಿಗೋ ಹದಿನೇಳು ಸಂಪುಟ ಓದಲು ಹೇಳುವುದು ಆಗದ ಮಾತು. ಅವರಿಗಾಗಿ ಇಪ್ಪತ್ತು ಪುಟಗಳ ಒಂದು ಸಾರವನ್ನು ಬರೆಯಬೇಕು: ಔಷಧಿಗಳು ಮತ್ತು ಅವುಗಳ ಪ್ರಮಾಣ, ಯಾವ ಔಷಧಿ ಒಗ್ಗಲಿಲ್ಲ, ಸೆಳೆತದ ಮುನ್ಸೂಚನೆ, ಹೆದರಿಕೆಗಳು, ಸಂತೋಷಗಳು, ಅವನ ಪದಗಳ ಒಂದು ಚಿಕ್ಕ ನಿಘಂಟು. ವರ್ಷಕ್ಕೊಮ್ಮೆ ತಿದ್ದಬೇಕು.

ನಮ್ಮದನ್ನು ನಾನೂ ಪತಿಯೂ ಸೇರಿ ಕಳೆದ ಎರಡು ರಜೆಗಳಲ್ಲಿ ಬರೆದೆವು. ನಿಘಂಟಿನಲ್ಲಿ 64 ಪದಗಳಿವೆ, ಮೊದಲನೆಯದು ಬ್ಯಾಡ. ಶಿವಮೊಗ್ಗದಲ್ಲಿರುವ ಪತಿಯ ತಂಗಿ ಅದನ್ನು ಕೂತು ಪೂರ್ತಿ ಓದಿದಳು. ಓದಿ, ಅವನಿಗೆ ಜ್ವರ ಬಂದಾಗ ಏನು ಕೊಟ್ಟರೆ ತಿನ್ನುತ್ತಾನೆ ಎಂದು ಕೇಳಿದಳು. ಇಪ್ಪತ್ತು ಪುಟಗಳಲ್ಲಿ ಇಬ್ಬರು ವಿದ್ಯಾವಂತರು ಅದನ್ನು ಬರೆದಿರಲಿಲ್ಲ. ಗಂಜಿ, ಬಿಳಿಯ ಬಟ್ಟಲಿನಲ್ಲಿ, ಉಪ್ಪಿನಕಾಯಿ ಬೇರೆ ತಟ್ಟೆಯಲ್ಲಿ ಎಂದು ಹನ್ನೊಂದನೆಯ ಪುಟದಲ್ಲಿ ಸೇರಿಸಿದೆವು.